ಬೆನ್ನು ತಿರುಗಿಸಿ ಹಾಡುವ ಗಾಯಕಿ

ಮೈಸೂರು, 18 ಜನವರಿ 2026, ಭಾನುವಾರ

ಇಂದು ಮಧ್ಯಾಹ್ನವೆಲ್ಲ ಬಾರ್ಬರಾ ಹ್ಯಾನಿಗನ್ ಅವರ ಧ್ವನಿಮುದ್ರಿಕೆಗಳನ್ನು ಕೇಳುವುದರಲ್ಲೇ ಕಳೆಯಿತು. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದಲ್ಲಿ 1971ರಲ್ಲಿ ಹುಟ್ಟಿ ಟೊರಾಂಟೊದಲ್ಲಿ ಕಲಿತ ಈ ಸೊಪ್ರಾನೊ (ಅತಿ ಎತ್ತರದ ಸ್ತ್ರೀ ಕಂಠದ) ಗಾಯಕಿ, ಎಲ್ಲರಿಗೂ ಪರಿಚಿತವಾದ ಹಳೆಯ ಆಪೆರಾಗಳ (ಪಾಶ್ಚಾತ್ಯ ಸಂಗೀತ ನಾಟಕಗಳ) ನಾಯಕಿಯಾಗಿ ಹೆಸರು ಮಾಡುವ ಸುಲಭದ ದಾರಿಯನ್ನು ಬಿಟ್ಟು, ಇನ್ನೂ ಮಸಿ ಆರದ ಕೃತಿಗಳನ್ನು ಹಾಡುವುದನ್ನೇ ವೃತ್ತಿಯಾಗಿಸಿಕೊಂಡವರು. ಮೊದಲ ಬಾರಿಗೆ ಅವರ ಕಂಠದಲ್ಲೇ ರಂಗಕ್ಕೆ ಬಂದ ಹೊಸ ಕೃತಿಗಳು 80ಕ್ಕೂ ಹೆಚ್ಚು. ಬ್ರಿಟನ್ನಿನ ಸಂಗೀತ ರಚನಕಾರ ಜಾರ್ಜ್ ಬೆಂಜಮಿನ್ ಅವರ ‘ರಿಟನ್ ಆನ್ ಸ್ಕಿನ್’ ಆಪೆರಾದ ಆಗ್ನೆಸ್ ಪಾತ್ರವನ್ನು 2012ರಲ್ಲಿ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್ ಉತ್ಸವದಲ್ಲಿ ಮೊದಲು ವಹಿಸಿದವರು ಇವರೇ. ಮರುವರ್ಷ ಬರ್ಲಿನ್ ಫಿಲ್ಹಾರ್ಮೊನಿಕ್ ವಾದ್ಯವೃಂದದ ಜೊತೆ ಹಾಡಿದ, ಡೆನ್ಮಾರ್ಕಿನ ರಚನಕಾರ ಹಾನ್ಸ್ ಅಬ್ರಹಾಮ್‌ಸೆನ್ ಅವರ ‘ಲೆಟ್ ಮಿ ಟೆಲ್ ಯು’ ಇವರಿಗಾಗಿಯೇ ಬರೆದ ರಚನೆ. ಅದಕ್ಕೆ ಮುಂದೆ ಸಂಗೀತ ರಚನೆಗೆ ಕೊಡುವ 2016ರ ಗ್ರಾವೆಮೆಯರ್ ಪ್ರಶಸ್ತಿಯೂ ಬಂತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಫ್ರಾನ್ಸಿನ ರಚನಕಾರ ಪುಲೆಂಕ್ ಅವರ ‘ಲಾ ವ್ವಾ ಯುಮೇನ್’ (‘ಮಾನವ ಧ್ವನಿ’). ತನ್ನನ್ನು ತೊರೆದ ಪ್ರಿಯಕರನೊಡನೆ ಹೆಣ್ಣೊಬ್ಬಳು ದೂರವಾಣಿಯಲ್ಲಿ ಆಡುವ ಕೊನೆಯ ಮಾತುಗಳೇ, 1959ರಲ್ಲಿ ಮೊದಲು ಪ್ರದರ್ಶನಗೊಂಡ ಈ ಏಕಪಾತ್ರದ ಆಪೆರಾ. ಹ್ಯಾನಿಗನ್ ಇದನ್ನು ಹಾಡುತ್ತಲೇ ವಾದ್ಯವೃಂದವನ್ನೂ ನಿರ್ದೇಶಿಸುತ್ತಾರೆ. ವೃಂದದ ಕಡೆಗೆ ಮುಖ ಮಾಡಬೇಕಾದ್ದರಿಂದ ಸಭೆಗೆ ಕಾಣುವುದು ಅವರ ಬೆನ್ನು. ಎದುರಿನ ಕ್ಯಾಮೆರಾಗಳು ಹಿಡಿದ ಮುಖ ಹಿಂದಿನ ಪರದೆಯ ಮೇಲೆ ದೊಡ್ಡದಾಗಿ ಮೂಡುತ್ತದೆ. ಕೈಯಲ್ಲಿ ಫೋನಿಲ್ಲ, ವೃಂದವನ್ನು ನಡೆಸುವ ಕೋಲೂ ಇಲ್ಲ. ತಂತಿವಾದ್ಯಗಳನ್ನು ತಗ್ಗಿಸಲು ಚಾಚಿದ ಅಂಗೈ ಅದೇ ಕ್ಷಣದಲ್ಲಿ ‘ಇನ್ನೂ ಫೋನ್ ಇಡಬೇಡ’ ಎಂದು ಬೇಡುವ ಹೆಣ್ಣಿನ ಅಂಗೈಯೂ ಆಗಿಬಿಡುತ್ತದೆ. ಪರದೆ ಸ್ವಲ್ಪ ಅತಿಯಾಯಿತೆಂದು ನನಗೆ ಅನ್ನಿಸಿದರೂ ಆ ಕೈಗಳ ವಿಷಯದಲ್ಲಿ ನನ್ನ ತಕರಾರಿಲ್ಲ.

ಕಷ್ಟ ಇರುವುದು ಬೇರೆಡೆ. ವೃಂದವನ್ನು ನಿರ್ದೇಶಿಸುವ ಕಂಡಕ್ಟರ್‌ನ ಕೈ ಯಾವಾಗಲೂ ನಾದಕ್ಕಿಂತ ಒಂದು ಹೆಜ್ಜೆ ಮುಂದಿರಬೇಕು, ಏಕೆಂದರೆ ಅವನು ಈಗ ತೋರಿಸುವುದನ್ನು ವಾದಕರು ಮರುಕ್ಷಣದಲ್ಲಿ ನುಡಿಸುತ್ತಾರೆ. ಗಾಯಕಿಯಾದರೋ ಈಗಿನ ಸ್ವರದಲ್ಲೇ ಪೂರ್ತಿಯಾಗಿ ನೆಲೆಸಿರಬೇಕು. ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡುವವರು ಎರಡು ಕಾಲಗಳಲ್ಲಿ ಒಮ್ಮೆಗೇ ಬದುಕಬೇಕಾಗುತ್ತದೆ. ಇವೆರಡನ್ನೂ ಕೂಡಿಸುವುದು ಉಸಿರು ಎಂದು ನನ್ನ ಊಹೆ: ಹಾಡುವ ಮುನ್ನ ಎಳೆದುಕೊಳ್ಳುವ ಉಸಿರು ಮತ್ತು ತಾಳದ ಪೆಟ್ಟು ಬೀಳುವ ಮೊದಲು ಮೇಲೇಳುವ ಕೈ ಒಂದೇ ಚಲನೆಯಾದಾಗ, ವಾದಕರು ಕೈಯನ್ನು ನೋಡುವಷ್ಟೇ ಆ ಉಸಿರನ್ನೂ ಓದುತ್ತಾರೆ. ನಮ್ಮ ಯಕ್ಷಗಾನದ ಭಾಗವತರು ಹಾಡುತ್ತಲೇ ಇಡೀ ಆಟವನ್ನು ನಡೆಸುವುದನ್ನು ಕಂಡವರಿಗೆ ಇದು ತೀರ ಅಪರಿಚಿತವಲ್ಲ, ಆದರೆ ಭಾಗವತರು ವೇಷ ಕಟ್ಟಿ ಕುಣಿಯುವುದಿಲ್ಲ.

ಕಂಡಕ್ಟರ್ ಆಗಿ ಹ್ಯಾನಿಗನ್ ಅವರ ಮೊದಲ ಹೆಜ್ಜೆ ಪ್ಯಾರಿಸ್ಸಿನ ಶಾಟ್ಲೆ ರಂಗಮಂದಿರದಲ್ಲಿ, ಸ್ಟ್ರಾವಿನ್‌ಸ್ಕಿಯ ‘ರೆನಾರ್’ ಕೃತಿಯೊಂದಿಗೆ. ನೆದರ್‌ಲ್ಯಾಂಡ್ಸಿನ ಲುಡ್ವಿಗ್ ವೃಂದದೊಡನೆ ಮಾಡಿದ ‘ಕ್ರೇಜಿ ಗರ್ಲ್ ಕ್ರೇಜಿ’ ಮುದ್ರಿಕೆಗೆ 2018ರಲ್ಲಿ ಗ್ರ್ಯಾಮಿ ಬಂತು. ಅದರ ಗರ್ಷ್ವಿನ್ ಭಾಗದಲ್ಲಿ ವಾದಕರೂ ದನಿಗೂಡಿಸಿ ಹಾಡುತ್ತಾರೆ. ಅದು ತುಸು ಹಗುರವೆನಿಸಿದರೂ ಆಸ್ಟ್ರಿಯಾದ ರಚನಕಾರ ಬೆರ್ಗ್‌ನ ‘ಲುಲು ಸ್ವೀಟ್’ಗಾಗಿ (ಅವನ ‘ಲುಲು’ ಆಪೆರಾದಿಂದ ಆಯ್ದ ಭಾಗಗಳ ಮಾಲೆ) ಮುದ್ರಿಕೆಯನ್ನು ಮತ್ತೆ ಮತ್ತೆ ಹಾಕಿಕೊಳ್ಳುತ್ತೇನೆ. 2019ರಿಂದ ಸ್ವೀಡನ್ನಿನ ಗೋಥೆನ್‌ಬರ್ಗ್ ಸಿಂಫನಿ ವಾದ್ಯವೃಂದದ ಪ್ರಧಾನ ಅತಿಥಿ ಕಂಡಕ್ಟರ್ ಆದ ಅವರು 2026ರಿಂದ ಐಸ್‌ಲ್ಯಾಂಡ್ ಸಿಂಫನಿಯ ಮುಖ್ಯ ಕಂಡಕ್ಟರ್ ಆಗಿ ನೇಮಕಗೊಂಡಿದ್ದಾರೆ. ಸ್ವೀಡನ್ನಿನ 2025ರ ಪೋಲಾರ್ ಸಂಗೀತ ಪ್ರಶಸ್ತಿಯನ್ನು ಕ್ವೀನ್ ರಾಕ್ ತಂಡ ಮತ್ತು ಜಾಝ್ ಪಿಯಾನೊ ವಾದಕ ಹರ್ಬಿ ಹ್ಯಾನ್‌ಕಾಕ್ ಅವರೊಂದಿಗೆ ಇವರಿಗೂ ಕೊಟ್ಟರು.

ಕಿರಿಯರಿಗಾಗಿ ಮಾಡಿದ ಕೆಲಸ ಇವೆಲ್ಲಕ್ಕಿಂತ ಹೆಚ್ಚು ಬೆಲೆಬಾಳುವುದೆಂದು ನನ್ನ ಎಣಿಕೆ. 2017ರಲ್ಲಿ ಅವರು ಆರಂಭಿಸಿದ ‘ಈಕ್ವಿಲಿಬ್ರಿಯಂ’ ಯೋಜನೆ ಶಾಲೆಯಲ್ಲ. ವಿದ್ಯಾಭ್ಯಾಸ ಮುಗಿಸಿ ವೃತ್ತಿಯ ಹೊಸ್ತಿಲಲ್ಲಿ ನಿಂತವರಿಗೆ ನಿಜವಾದ ವೇದಿಕೆ ಒದಗಿಸುವುದು ಅದರ ಕೆಲಸ. ಮರುವರ್ಷ ಗೋಥೆನ್‌ಬರ್ಗ್‌ನಲ್ಲಿ ಸ್ಟ್ರಾವಿನ್‌ಸ್ಕಿಯ ‘ದಿ ರೇಕ್ಸ್ ಪ್ರೋಗ್ರೆಸ್’ ಆಪೆರಾವನ್ನು ಈ ಯುವ ಗಾಯಕರಿಗೆ ಒಪ್ಪಿಸಿ, ತಾವು ಹಾಡದೆ ವೃಂದವನ್ನಷ್ಟೇ ನಿರ್ದೇಶಿಸಿದರು. ಕಾರ್ಯಾಗಾರದಲ್ಲಿ ಸ್ವರಸಾಧನೆಯ ಜೊತೆಗೆ ಕ್ರೀಡಾಪಟುಗಳಿಗೆ ಕೊಡುವಂಥ ಮಾನಸಿಕ ತರಬೇತಿಯೂ ಇತ್ತು: ತಪ್ಪಾದ ಸ್ವರವನ್ನು ಅಲ್ಲಿಯೇ ಬಿಟ್ಟು ಮುಂದಿನ ಸ್ವರಕ್ಕೆ ಹೋಗುವುದನ್ನೂ ಕಲಿಸಲೇಬೇಕಲ್ಲ. 2020ರಲ್ಲಿ ಸಾಂಕ್ರಾಮಿಕದಿಂದ ರಂಗಮಂದಿರಗಳು ಮುಚ್ಚಿದ್ದಾಗ ‘ಮೊಮೆಂಟಮ್’ ಎಂಬ ಇನ್ನೊಂದು ಯೋಜನೆ ಹೂಡಿ, ಹೆಸರಾಂತ ಕಲಾವಿದರೂ ವಾದ್ಯವೃಂದಗಳೂ ತಮ್ಮ ಕಾರ್ಯಕ್ರಮಗಳಲ್ಲಿ ಒಬ್ಬ ಕಿರಿಯ ವೃತ್ತಿಗಾಯಕರಿಗೋ ವಾದಕರಿಗೋ ಸ್ಥಳ ಬಿಟ್ಟುಕೊಡಬೇಕೆಂದು ಕೇಳಿಕೊಂಡರು. ಕಿರಿಯರನ್ನು ಹೊಗಳಿ ಮಾತಾಡಲು ಹಿರಿಯರಿಗೆ ಖರ್ಚೇನೂ ಇಲ್ಲ. ತಮ್ಮ ಕಾರ್ಯಕ್ರಮದ ಹತ್ತು ನಿಮಿಷವನ್ನು ಬಿಟ್ಟುಕೊಡಲು ಬಹಳ ಮಂದಿ ಹಿಂದೆಗೆಯುತ್ತಾರೆ, ಮತ್ತು ಹ್ಯಾನಿಗನ್ ಕೇಳಿದ್ದು ಆ ನಿಮಿಷಗಳನ್ನೇ.