ತೀರ್ಮಾನ ಅವರದು: ಗೋರೆಗಾಂವ್‌ನ ಪಶುವೈದ್ಯರ ಜೊತೆ ಮೂರು ವಾರ

ಭಾಲ್ಕಿ ತಾಲ್ಲೂಕಿನ ನಮ್ಮ ಅಜ್ಜನ ಮನೆಯಲ್ಲಿ ದೇವಣಿ ಎತ್ತುಗಳ ಪಕ್ಕಕ್ಕೆ ಒಂದು ಜರ್ಸಿ ಮಿಶ್ರತಳಿಯ ಹಸುವನ್ನು ಕಟ್ಟುತ್ತಿದ್ದರು. ನಾನು ಆರನೆಯ ತರಗತಿಯಲ್ಲಿದ್ದಾಗ, ಬೇಸಿಗೆ ರಜೆಗೆಂದು ಮುಂಬೈಯಿಂದ ಊರಿಗೆ ಹೋಗಿದ್ದ ಸಮಯದಲ್ಲಿ, ಆ ಹಸು ಕರು ಹಾಕಿದ ಮರುದಿನವೇ ಕುಸಿದು ಕುಳಿತು, ಕುತ್ತಿಗೆಯನ್ನು ಪಕ್ಕೆಗೆ ಮಡಿಸಿಕೊಂಡು ಮೇವು ನೀರು ಎರಡನ್ನೂ ಬಿಟ್ಟಿತು. ಅಜ್ಜ ಅದರ ಕಿವಿ ಮುಟ್ಟಿ ನೋಡಿ "ತಣ್ಣಗಾಗ್ಯಾವ" ಎಂದವರೇ ಡಾಕ್ಟರಿಗೆ ಹೇಳಿ ಕಳುಹಿಸಿದರು. ಬೈಕಿನಲ್ಲಿ ಬಂದ ಡಾಕ್ಟರು ಹಸುವಿನ ಎದೆಬಡಿತವನ್ನು ಆಲಿಸುತ್ತಲೇ ಕುತ್ತಿಗೆಯ ರಕ್ತನಾಳಕ್ಕೆ ಕ್ಯಾಲ್ಸಿಯಂ ದ್ರಾವಣವನ್ನು ನಿಧಾನವಾಗಿ ಏರಿಸಿದರು. ಬಾಟಲಿ ಮುಗಿದ ಸ್ವಲ್ಪ ಹೊತ್ತಿಗೆ ಹಸು ಸೆಗಣಿ ಹಾಕಿ, ಹಿಂಗಾಲೂರಿ ಎದ್ದು ನಿಂತಿತು. ಆ ರೋಗಕ್ಕೆ ಹಾಲುಜ್ವರ ಎಂಬ ಹೆಸರಿದ್ದರೂ ಮೈ ಬಿಸಿಯಾಗುವ ಬದಲು ತಣ್ಣಗಾಗುತ್ತದೆ ಎಂಬುದೂ, ಹಾಲು ಕಟ್ಟುವ ಭರದಲ್ಲಿ ರಕ್ತದ ಕ್ಯಾಲ್ಸಿಯಂ ಕೆಚ್ಚಲಿಗೆ ಇಳಿದುಹೋಗುವುದೇ ಅದಕ್ಕೆ ಕಾರಣ ಎಂಬುದೂ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಈ ವರ್ಷ ಹನ್ನೆರಡನೆಯ ತರಗತಿ ಮುಗಿಸಿ, ಮೇ ತಿಂಗಳಿನಲ್ಲಿ ನೀಟ್ ಬರೆದ ಬಳಿಕ, ಪಶುವೈದ್ಯಕೀಯವನ್ನೇ ಓದುತ್ತೇನೆಂದು ಮನೆಯಲ್ಲಿ ಹೇಳಿದೆ. ಬೇಡವೆಂದು ಯಾರೂ ಹೇಳಲಿಲ್ಲ. ಆದರೆ ಅಪ್ಪ ಒಂದು ಮಾತು ಕೇಳಿದರು: "ಎದ್ದು ನಿಂತ ಹಸುವನ್ನು ನೀನು ನೋಡಿದ್ದೀಯೆ, ಏಳದೆ ಹೋದ ಹಸುವನ್ನು ನೋಡಿದ್ದೀಯಾ?" ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಗೋರೆಗಾಂವ್ ಪೂರ್ವದಲ್ಲಿ ಸ್ವಂತ ಚಿಕಿತ್ಸಾಲಯ ನಡೆಸುವ, ಧಾರವಾಡ ಕಡೆಯ ಕನ್ನಡಿಗ ಪಶುವೈದ್ಯೆಯೊಬ್ಬರು ಅಮ್ಮನಿಗೆ ಪರಿಚಯವಿದ್ದರು. ಮೂರು ವಾರ ಜೊತೆಯಲ್ಲಿದ್ದು ನೋಡುವುದಕ್ಕೆ ಅವರು ಒಪ್ಪಿದರು. ಮೊದಲೇ ಎರಡು ಷರತ್ತು ಹಾಕಿದ್ದರು. ರೇಬೀಸ್ ತಡೆ ಲಸಿಕೆಯ ಮೂರೂ ಡೋಸುಗಳನ್ನು, ಅಂದರೆ ಮೊದಲ ದಿನದ್ದು, ಏಳನೆಯ ದಿನದ್ದು, ಇಪ್ಪತ್ತೊಂದನೆಯ ದಿನದ್ದು, ಪಡೆದ ಮೇಲೆಯೇ ಒಳಗೆ ಬರಬೇಕು. ಮತ್ತು ಹೇಳುವ ತನಕ ಯಾವ ಪ್ರಾಣಿಯನ್ನೂ ಮುಟ್ಟಬಾರದು.

ಎರಡನೆಯ ಷರತ್ತೇ ಮೊದಲ ಪಾಠವೂ ಆಯಿತು. ನಾಯಿ ಇನ್ನೂ ಒಡೆಯರ ಕಾಲ ಬಳಿ ಕುಳಿತಿರುವಾಗಲೇ ಅದರ ಪಕ್ಕೆಯ ಏರಿಳಿತವನ್ನು ಎಣಿಸಬೇಕು, ಏಕೆಂದರೆ ಮೇಜಿನ ಮೇಲೆ ಏರಿಸಿದ ಕೂಡಲೇ ಹೆದರಿಕೆಯಿಂದ ಉಸಿರಾಟದ ಲೆಕ್ಕ ತಪ್ಪುತ್ತದೆ. ವಿಶ್ರಾಂತಿಯಲ್ಲಿರುವ ನಾಯಿ ನಿಮಿಷಕ್ಕೆ 10ರಿಂದ 30 ಬಾರಿ ಉಸಿರಾಡುತ್ತದೆ. "ಮೈ ಸುಡುತ್ತಿದೆ" ಎಂದು ಗಾಬರಿಯಿಂದ ಬರುವವರಲ್ಲಿ ಹಲವರ ನಾಯಿಗಳಿಗೆ ಜ್ವರವೇ ಇರುವುದಿಲ್ಲ; ನಮಗೆ ಜ್ವರವೆನಿಸುವ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜವಾದ ಶಾಖ. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಡಾಕ್ಟರು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡುತ್ತಿದ್ದದ್ದು "ಯಾವಾಗಿನಿಂದ?" ಎಂಬ ಒಂದು ಪ್ರಶ್ನೆಗೆ. ಮರಾಠಿಯವರು "ಸುಸ್ತ್ ಆಹೇ" ಎನ್ನುತ್ತಾರೆ, ನಮ್ಮವರು "ಮಂಕಾಗಿದೆ" ಎನ್ನುತ್ತಾರೆ. ಆ ಮಂಕು ನಿನ್ನೆಯದೋ, ನಾಲ್ಕು ದಿನದ್ದೋ ಎಂಬುದನ್ನು ಹೊರಗೆಡಹುವುದಕ್ಕೆ ಅವರು ಅದೇ ಪ್ರಶ್ನೆಯನ್ನು ಮೂರು ರೀತಿಯಲ್ಲಿ ಕೇಳುತ್ತಿದ್ದರು.

ಎರಡನೆಯ ವಾರದಲ್ಲಿ ಕಾಲೇಜು ಹುಡುಗನೊಬ್ಬ ಬೀದಿನಾಯಿಯೊಂದನ್ನು ಆಟೋದಲ್ಲಿ ತಂದ. ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿರಬೇಕೆಂದು ಅವನು ಬಾಯೊಳಗೆ ಕೈ ಹಾಕಿ ನೋಡಿದ್ದ. ಡಾಕ್ಟರು ಎಲ್ಲರನ್ನೂ ಹಿಂದಕ್ಕೆ ಸರಿಸಿದರು. ರೇಬೀಸ್ ತಗುಲಿದ ನಾಯಿ ನುಂಗಲಾರದೆ ಹೀಗೆಯೇ ಕಾಣುತ್ತದೆ, ಮೂಳೆಯೆಂದು ಭಾವಿಸಿ ಕೈ ಹಾಕುವುದೇ ದೊಡ್ಡ ಅಪಾಯ. ನಾಯಿಯನ್ನು ಪ್ರತ್ಯೇಕವಾಗಿ ಇರಿಸಿ, ಹುಡುಗನ ಕೈಯನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಸಿ, ಅಲ್ಲಿಂದ ನೇರವಾಗಿ ಲಸಿಕೆಗೆ ಕಳುಹಿಸಿದರು. ನನಗೆ ಲಸಿಕೆಯ ಷರತ್ತು ಹಾಕಿದ್ದೇಕೆಂದು ಅವರು ಮತ್ತೆ ವಿವರಿಸಬೇಕಾಗಲಿಲ್ಲ.

ಆದರೆ ಈ ವೃತ್ತಿಯ ಭಾರ ಎಲ್ಲಿದೆ ಎಂದು ನನಗೆ ಕಂಡದ್ದು ಒಂದು ಬೆಕ್ಕಿನಿಂದ. ಕನ್ನಡದ ಅಜ್ಜಿಯೊಬ್ಬರು ಅದನ್ನು ತುಂಡು ಸೀರೆಯಲ್ಲಿ ಸುತ್ತಿ ತಂದಿದ್ದರು. ಹಿಂದಿನ ರಾತ್ರಿ ಮಂಕಾಗಿದ್ದ ಬೆಕ್ಕಿಗೆ ಅವರು ಮಗುವಿಗೆ ಕೊಡುವಂತೆ ಪ್ಯಾರಾಸಿಟಮಾಲ್ ಅರ್ಧ ಮಾತ್ರೆಯನ್ನು ಹಾಲಿನಲ್ಲಿ ಕಲಸಿ ಕುಡಿಸಿದ್ದರು. ಬೆಳಗಿನ ಹೊತ್ತಿಗೆ ಮುಖವೂ ಮುಂಗಾಲುಗಳೂ ಊದಿಕೊಂಡು, ಒಸಡು ಕೆಸರಿನ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ರಕ್ತ ತೆಗೆದು ಒಂದು ಹನಿಯನ್ನು ಬಿಳಿ ಗಾಜ್ ಬಟ್ಟೆಯ ಮೇಲೆ ಬಿಟ್ಟಾಗ ಅದು ಕೆಂಪಾಗಿರಲಿಲ್ಲ, ಕಾಫಿ ಡಿಕಾಕ್ಷನ್ನಿನ ಹಾಗಿತ್ತು. ನಮ್ಮ ಯಕೃತ್ತು ಸಲೀಸಾಗಿ ಕರಗಿಸುವ ಆ ಔಷಧವನ್ನು ಕರಗಿಸಲು ಬೇಕಾದ ಕಿಣ್ವ ಬೆಕ್ಕಿನಲ್ಲಿ ತೀರ ಕಡಿಮೆ. ಆದ್ದರಿಂದ ಅದು ವಿಷವಾಗಿ ಉಳಿದು, ಕೆಂಪು ರಕ್ತಕಣಗಳು ಆಮ್ಲಜನಕವನ್ನು ಹೊರಲಾರದಂತೆ ಮಾಡುತ್ತದೆ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ. ಆರು ಗಂಟೆಗೊಮ್ಮೆ ಅದನ್ನು ಕೊಡುತ್ತಾ, ಆಮ್ಲಜನಕದ ಜೊತೆ ಎರಡು ಮೂರು ದಿನ ನೋಡಿಕೊಳ್ಳಬೇಕು.

ಅಜ್ಜಿಯ ಮಗ ಬಾಗಿಲಲ್ಲಿ ನಿಂತು ಖರ್ಚು ಎಷ್ಟೆಂದು ಕೇಳಿದರು. ಡಾಕ್ಟರು ಮೊತ್ತವನ್ನು ಹೇಳಿದರು, ಉಳಿಯುವ ಸಾಧ್ಯತೆಯನ್ನೂ ಹೇಳಿದರು, ಚಿಕಿತ್ಸೆ ಬೇಡವೆಂದಾದರೆ ನೋವಿಲ್ಲದೆ ಕಳುಹಿಸಿಕೊಡುವ ದಾರಿಯನ್ನೂ ಅದೇ ದನಿಯಲ್ಲಿ ಹೇಳಿದರು. ಅವರು ಹೊರಗೆ ಮಾತಾಡಿಕೊಳ್ಳುವ ತನಕ ಆಮ್ಲಜನಕದ ಮಾಸ್ಕನ್ನು ಬೆಕ್ಕಿನ ಮೂತಿಗೆ ಹಿಡಿದುಕೊಂಡಿರಲು ನನಗೆ ಹೇಳಿದರು. ಆ ಏಳೆಂಟು ನಿಮಿಷ ನನಗೆ ಬಹಳ ಕಷ್ಟವಾಯಿತು, ಏಕೆಂದರೆ ಔಷಧ ಕಪಾಟಿನಲ್ಲಿ ಕಣ್ಣೆದುರೇ ಇತ್ತು. "ರೋಗಿ ನಮ್ಮದು, ತೀರ್ಮಾನ ಅವರದು" ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಚಿಕಿತ್ಸೆ ಕೊಡಿ ಎಂದು ಮಗ ಒಪ್ಪಿದರು. ಮೂರನೆಯ ದಿನ ಬೆಕ್ಕು ಮೀನು ತಿಂದಿತು. ಮಾತ್ರೆ ಕೊಟ್ಟದ್ದಕ್ಕೆ ಅಜ್ಜಿಯನ್ನು ಡಾಕ್ಟರು ಒಮ್ಮೆಯೂ ಗದರಲಿಲ್ಲ. ಗದರಿದರೆ ಮುಂದಿನ ಸಲ ಏನು ಕೊಟ್ಟೆವೆಂದು ಜನ ಹೇಳುವುದನ್ನೇ ಬಿಡುತ್ತಾರೆ ಎಂದು ಆಮೇಲೆ ನನಗೆ ವಿವರಿಸಿದರು.

ಶನಿವಾರಗಳಂದು ನಾವು ಆರೆ ಕಾಲೊನಿಗೆ ಹೋಗುತ್ತಿದ್ದೆವು. ನಗರದ ಎಮ್ಮೆಗಳಿಗೆಂದು 1949ರಲ್ಲಿ ಕಟ್ಟಿದ ಆ ಹಾಲಿನ ಕಾಲೊನಿಯ ತಬೇಲಾಗಳಲ್ಲಿ ಈಗಲೂ ಮುರ್ರಾ ಎಮ್ಮೆಗಳು ಸಾಲಾಗಿ ನಿಂತಿರುತ್ತವೆ. ಅಲ್ಲಿ ಒಂದು ಎಮ್ಮೆಗೆ ಕೆಚ್ಚಲು ಬಾವಾಗಿತ್ತು. ನಾಲ್ಕು ಬಟ್ಟಲಿನ ತಟ್ಟೆಗೆ ನಾಲ್ಕು ಮೊಲೆಯ ಹಾಲನ್ನೂ ಬೇರೆ ಬೇರೆಯಾಗಿ ಕರೆದು, ಅಷ್ಟೇ ಪ್ರಮಾಣದ ಪರೀಕ್ಷಾ ದ್ರಾವಣವನ್ನು ಹಾಕಿ ತಿರುಗಿಸಿದಾಗ, ಮೂರು ಬಟ್ಟಲಿನಲ್ಲಿ ಹಾಲು ತೆಳ್ಳಗೇ ಇತ್ತು, ನಾಲ್ಕನೆಯದರಲ್ಲಿ ಲೋಳೆಯಾಗಿ ಎಳೆ ಬಂತು. ಆಂಟಿಬಯೋಟಿಕ್ ಕೊಟ್ಟಷ್ಟು ದಿನ, ಅದು ಮುಗಿದ ಮೇಲೂ ಕೆಲವು ದಿನ, ನಾಲ್ಕೂ ಮೊಲೆಯ ಹಾಲನ್ನು ಮಾರುವಂತಿಲ್ಲ. ತಬೇಲಾದವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವುದು ನನಗೂ ಕಾಣುತ್ತಿತ್ತು. ಡಾಕ್ಟರು ಔಷಧ ಬರೆದುಕೊಟ್ಟು, ಈ ಎಮ್ಮೆಯನ್ನು ಎಲ್ಲಕ್ಕಿಂತ ಕೊನೆಗೆ ಕರೆಯಬೇಕು, ಕರೆದವರು ಕೈ ತೊಳೆಯಬೇಕು ಎಂದು ಎರಡೆರಡು ಸಲ ಹೇಳಿದರು. ಮುಂದಿನ ಶನಿವಾರ ಹೋದಾಗ ಆ ಗೂಟದಲ್ಲಿ ಬೇರೊಂದು ಎಮ್ಮೆಯಿತ್ತು. ಮಾರಿಬಿಟ್ಟೆವೆಂದರು. ಡಾಕ್ಟರು ಹೊಸ ಎಮ್ಮೆಯ ಕೆಚ್ಚಲನ್ನು ಮುಟ್ಟಿ ನೋಡಿ, ತಟ್ಟೆಯನ್ನು ತೊಳೆದು ಕೊಡುವಂತೆ ನನಗೆ ಹೇಳಿದರು. ಏಳದೆ ಹೋದ ಹಸುವಿನ ಬಗ್ಗೆ ಕೇಳಿದ್ದ ಅಪ್ಪನಿಗೆ ಆ ರಾತ್ರಿ ಈ ಎಮ್ಮೆಯ ಸಂಗತಿಯನ್ನು ಹೇಳಿದೆ. ಅದರ ಕಾಯಿಲೆಗೆ ಮದ್ದಿತ್ತು ಎಂಬುದೇ ನನ್ನನ್ನು ಹೆಚ್ಚು ನೋಯಿಸಿತ್ತು.

ಕೋರ್ಸ್ ಒಟ್ಟು ಐದೂವರೆ ವರ್ಷದ್ದು. ಅದರಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ನೀಟ್ ಅಂಕಗಳ ಮೇಲೆ ಶೇ. 15 ಸೀಟುಗಳನ್ನು ಭಾರತೀಯ ಪಶುವೈದ್ಯ ಪರಿಷತ್ತು ದೇಶದ ಮಟ್ಟದಲ್ಲಿ ತುಂಬುತ್ತದೆ. ನನ್ನ ಆಯ್ಕೆಯ ಪಟ್ಟಿಯಲ್ಲಿ 1886ರಿಂದ ನಡೆದುಬಂದಿರುವ ಪರೇಲ್‌ನ ಮುಂಬೈ ಪಶುವೈದ್ಯಕೀಯ ಕಾಲೇಜು ಮೊದಲನೆಯದು. ಎರಡನೆಯದು ಉದಗೀರ, ಅಲ್ಲಿಂದ ಅಜ್ಜನ ಊರು ದೂರವಿಲ್ಲ, ದನ ಎಮ್ಮೆಗಳನ್ನು ನೋಡುವ ಅವಕಾಶವೂ ಹೆಚ್ಚು. ದಾಖಲೆಗಳ ನಕಲುಗಳನ್ನು ಮಾಡಿಸಿ ಇಟ್ಟಿದ್ದೇನೆ. ಸೀಟು ಹಂಚಿಕೆ ಆಗುವವರೆಗೆ ಶನಿವಾರದ ಬೆಳಗ್ಗೆ ಆರೆಗೆ ಬರಬಹುದೆಂದು ಡಾಕ್ಟರು ಹೇಳಿದ್ದಾರೆ; ಮಳೆ ಹಿಡಿದಿರುವುದರಿಂದ ಮೊಣಕಾಲುದ್ದದ ಗಂಬೂಟು ಹಾಕಿಕೊಂಡೇ ಬರಬೇಕಂತೆ.