ಯಾವ ಪಾಲಿಶ್ ಹಾಕಲಿ ಅಂತ ಕೇಳುವವರಿಗೆ

"ಹಳೇ ಮೇಜೊಂದಿದೆ, ನಾನೇ ಹೊಸದರ ಹಾಗೆ ಮಾಡೋಣ ಅಂತಿದ್ದೀನಿ. ಯಾವ ಪಾಲಿಶ್ ಹಾಕಲಿ?"

ಫೋನಿನಲ್ಲಿ, ಮೆಟ್ಟಿಲ ಮೇಲೆ ನಿಂತು, ಒಮ್ಮೆಯಂತೂ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡೇ ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದೇನೆ. ಸಾಕಾಗಿದೆ. ಉತ್ತರ ಇಷ್ಟೇ: ಗೊತ್ತಿಲ್ಲ. ನಿಮ್ಮ ಮೇಜಿನ ಮೇಲೆ ಈಗ ಏನಿದೆಯೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಮೊದಲು ಅದನ್ನು ಪತ್ತೆ ಮಾಡಿ.

ಪ್ರಶ್ನೆಯ ಜೊತೆಗೆ ಒಂದು ಫೋಟೋ ಬರುತ್ತದಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೆ. ರಾತ್ರಿ, ಫ್ಲ್ಯಾಶ್ ಹಾಕಿ, ಬಾಗಿಲ ಬಳಿ ನಿಂತು ತೆಗೆದದ್ದು. ಮೇಜಿನ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಹೂದಾನಿ. ಮರ ಅಂತ ಕಾಣುವುದು ಒಂದು ಕಾಲು ಮಾತ್ರ. ಜ್ವರದ ರೋಗಿ ಕಂಬಳಿ ಹೊದ್ದು ತೆಗೆಸಿಕೊಂಡ ಫೋಟೋ ಕಳಿಸಿ ಔಷಧಿ ಕೇಳಿದ ಹಾಗೆ.

ಚಿಕ್ಕಪ್ಪನ ಮಗ ಇಂಥದ್ದೇ ಒಂದು ಫೋಟೋ ಕಳಿಸಿದ್ದ. "ಅಕ್ಕಾ, ಹಳೇ ಪಾಲಿಶ್ ಎಲ್ಲಾ ಕಿತ್ತು ಹಾಕಿಬಿಡ್ತೀನಿ, ಮುಂದೇನು ಹೇಳು" ಅಂದ. ಸ್ಯಾಂಡಿಂಗ್ ಮಷೀನು ಬಾಡಿಗೆಗೆ ತಂದಾಗಿತ್ತು. ನಾನು ಹೋಗಿ, ಮೇಜಿನ ಕೆಳಗೆ ತೂರಿ, ಅಂಚಿನ ಒಳಮೈಗೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ ಒತ್ತಿ ಹಿಡಿದೆ. ಸ್ವಲ್ಪ ಹೊತ್ತಿಗೆ ಹತ್ತಿ ಕಂದು ಬಣ್ಣಕ್ಕೆ ತಿರುಗಿತು, ಆ ಜಾಗ ಬೆರಳಿಗೆ ಅಂಟಿತು. ಅಂದರೆ ಅದು ಅರಗಿನ ಪಾಲಿಶ್, ಷೆಲಾಕ್. ಅರಗಿನ ಹುಳು ಕೊಂಬೆಯ ಮೇಲೆ ಸುರಿಸುವ ರಾಳದಿಂದ ಮಾಡುವಂಥದ್ದು, ಸ್ಪಿರಿಟ್‌ಗೆ ಕರಗುತ್ತದೆ. ಸ್ಪಿರಿಟ್‌ಗೆ ಜಗ್ಗದೆ ಲ್ಯಾಕರ್ ಥಿನ್ನರ್‌ಗೆ ಕರಗಿದ್ದರೆ ಅದು ಲ್ಯಾಕರ್ ಇರಬಹುದಿತ್ತು. ಕಾರ್ಖಾನೆಗಳು 1920ರ ದಶಕದಿಂದ ಅದನ್ನು ಹೆಚ್ಚಾಗಿ ಬಳಸತೊಡಗಿದವು. ಎರಡಕ್ಕೂ ಕರಗದಿದ್ದರೆ ವಾರ್ನಿಷ್ ಅಥವಾ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್‌ನಂಥ ಲೇಪ.

ಅರಗಾದರೆ ಕೀಳುವ ಮಾತೇ ಬೇಡ. ಸೋಪಿನ ನೀರಲ್ಲಿ ಬಟ್ಟೆ ಅದ್ದಿ, ಹಿಂಡಿ, ಜಿಡ್ಡು ಒರೆಸಿದೆವು. ಒಣಗಿದ ಮೇಲೆ ತೆಳ್ಳಗಿನ ಬ್ರಷ್ಷಿನಲ್ಲಿ ಸ್ಪಿರಿಟ್ ಎಳೆದಾಗ ಹಳೇ ಅರಗೇ ಮೆತ್ತಗಾಗಿ ಹರಡಿ, ಸಣ್ಣ ಬಿರುಕುಗಳು ಮುಚ್ಚಿಕೊಂಡವು. ಮೇಲೆ ತೆಳುವಾಗಿ ಒಂದು ಕೈ ಹೊಸ ಅರಗು. ಅವನ ಮುಖ ಸಪ್ಪಗಾಯಿತು. "ಇಷ್ಟೇನಾ?" ಅಂದ. ಮಷೀನು ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲ ಅನ್ನೋ ಸಂಕಟ ಪಾಪ.

"ಕೀಳಲೇಬೇಕಾ?" ಅಂತ ಒಬ್ಬರಾದರೂ ಕೇಳಬಾರದೇ? ಅದನ್ನು ಕೇಳಿದರೆ ಕಾಫಿ ಕುಡಿಸಿ ಉತ್ತರ ಹೇಳುತ್ತೇನೆ. ಪದರ ಏಳುತ್ತಿದ್ದರೆ, ತೇಪೆ ತೇಪೆಯಾಗಿ ಉದುರಿದ್ದರೆ, ಮರವೇ ಕಪ್ಪಾಗಿದ್ದರೆ ಕೀಳಿ. ಮಂಕಾಗಿದೆ, ಬಿಸಿ ಲೋಟದ ಬಿಳಿ ಉಂಗುರ ಕೂತಿದೆ ಅಂದರೆ ಬೇಡ. ಆ ಬಿಳುಪು ಸಾಮಾನ್ಯವಾಗಿ ಪಾಲಿಶ್ ಪದರದೊಳಗೆ ಸಿಕ್ಕಿಕೊಂಡ ತೇವ ಅಷ್ಟೇ, ಮರದ್ದಲ್ಲ.

ಕೀಳಲೇಬೇಕಾದಾಗಲೂ ಮಷೀನಿಗೆ ಕೈ ಹಾಕುವ ಮುಂಚೆ ಅಂಚು ನೋಡಿ. ಹಲಗೆಯ ಎಳೆ ಮೇಲಿನಿಂದ ಪಕ್ಕಕ್ಕೆ ಮುಂದುವರಿಯದೆ ಕತ್ತರಿಸಿದಂತೆ ನಿಂತಿದ್ದರೆ ಅದು ವೆನೀರ್ ಇರಬಹುದು, ಅಂದರೆ ಬೇರೆ ಹಲಗೆಯ ಮೇಲೆ ಅಂಟಿಸಿದ ತೆಳು ಮರದ ಹಾಳೆ. ಕಾರ್ಖಾನೆಯ ವೆನೀರ್ ಹೆಚ್ಚಾಗಿ 1 ಮಿಲಿಮೀಟರ್‌ಗಿಂತ ತೆಳು. ಮಷೀನು ಒಂದೇ ಜಾಗದಲ್ಲಿ ಸ್ವಲ್ಪ ನಿಂತರೂ ಕೆಳಗಿನ ಹಲಗೆ ಹಲ್ಲು ಕಿರಿಯುತ್ತದೆ. ಹಳೇ ಪೇಂಟ್ ಇದ್ದರೆ ಸೀಸ ಇರಬಹುದು, ಪರೀಕ್ಷೆ ಮಾಡಿಸದೆ ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ. ಉಪ್ಪುಕಾಗದ 120ನೇ ನಂಬರಿನಿಂದ ಶುರು ಮಾಡಿ, 180, ಆಮೇಲೆ 220; ನಂಬರು ಹೆಚ್ಚಿದಷ್ಟೂ ಕಾಗದ ನಯ. ಅಲ್ಲಿಗೆ ನಿಲ್ಲಿಸಿ. ಎಳೆಯ ಉದ್ದಕ್ಕೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಆಗ ಕಣ್ಣಿಗೆ ಬೀಳುವುದೇ ಇಲ್ಲ, ಬಣ್ಣ ಹಚ್ಚಿದ ಕೂಡಲೇ ಕಪ್ಪಗೆ ಎದ್ದು ನಿಲ್ಲುತ್ತದೆ. ನೋಡಬೇಕೆಂದರೆ ದೀಪವನ್ನು ಹಲಗೆಯ ಮಟ್ಟಕ್ಕೆ ಇಳಿಸಿ ಓರೆಯಾಗಿ ಹಿಡಿಯಿರಿ.

ಸರಿ, ಯಾವ ಪಾಲಿಶ್? ಊಟದ ಮೇಜಾದರೆ ಪಾಲಿಯುರೆಥೇನ್, ಬಿಸಿ, ನೀರು ಎರಡನ್ನೂ ಅರಗಿಗಿಂತ ಚೆನ್ನಾಗಿ ತಾಳುತ್ತದೆ. ಮುಟ್ಟುವವರು ಕಡಿಮೆ ಇರುವ ಕಪಾಟಿಗೆ ಅರಗು. ಹಾಳಾದರೆ ಮತ್ತೆ ರಿಪೇರಿ ಸುಲಭ. ಈಗಷ್ಟೇ ಕಲಿಯುತ್ತಿದ್ದರೆ ಬಟ್ಟೆಯಲ್ಲಿ ಒರೆಸಿ ಹಚ್ಚುವ ಎಣ್ಣೆ-ವಾರ್ನಿಷ್ ಮಿಶ್ರಣ ತಗೊಳ್ಳಿ, ಬ್ರಷ್ಷಿನ ಗೆರೆಗಳ ಕಾಟವಿಲ್ಲ. ಆದರೆ ಹಚ್ಚಿದ ಬಟ್ಟೆಯನ್ನು ಉಂಡೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಅಗಸೆ ಎಣ್ಣೆಯಂಥವು ಒಣಗುವಾಗ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಬಿಸಿಯಾಗುತ್ತವೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗದೆ ಬೆಂಕಿಯೇ ಹತ್ತಬಹುದು. ಹೊರಗೆ ಒಂದೊಂದಾಗಿ ಬಿಡಿಸಿ ಹರಡಿ, ಪೂರ್ತಿ ಗರಿಗರಿಯಾಗುವವರೆಗೆ ಒಣಗಿಸಿ.

ಇಷ್ಟಾದ ಮೇಲೂ ಫೋಟೋ ಕಳಿಸಲೇಬೇಕು ಅಂದರೆ, ದಯವಿಟ್ಟು ಹಗಲು ಹೊತ್ತಿನಲ್ಲಿ ತೆಗೆಯಿರಿ. ಹೂದಾನಿ ಪಕ್ಕಕ್ಕಿಡಿ.