ಹುಸಿ ಕಡತಗಳಿಂದ ಕೊಡವ ಹಾಡುಗಳನ್ನು ಕಾಯಬಹುದೇ?

ಹುತ್ತರಿಯ ಹೊತ್ತಿಗೆ ಹೊಸ ಕೊಡವ ಹಾಡುಗಳನ್ನು ಹೊರತರುವ ವಿರಾಜಪೇಟೆಯ ಗೆಳೆಯರೊಬ್ಬರು, ಕಾಸು ಕೊಡದೆ ಹಾಡು ಇಳಿಸಿಕೊಳ್ಳುವವರನ್ನು ದಾರಿ ತಪ್ಪಿಸಲು ಅದೇ ಹೆಸರಿನ ಹುಸಿ ಕಡತಗಳನ್ನು ಅಂತರ್ಜಾಲಕ್ಕೆ ಹರಿಯಬಿಟ್ಟರೆ ಹೇಗೆ ಎಂದು ಕೇಳಿದರು. ಅವರ ಸಿಟ್ಟು ನ್ಯಾಯವಾದದ್ದೇ, ಆದರೆ ಉಪಾಯ ನನಗೆ ಒಪ್ಪಿಗೆಯಾಗಲಿಲ್ಲ.

ಈ ತಂತ್ರಕ್ಕೆ ಇಪ್ಪತ್ತು ವರ್ಷ ದಾಟಿದೆ. ಓವರ್‌ಪಿಯರ್, ಮೀಡಿಯಾಡಿಫೆಂಡರ್ ಮುಂತಾದ ಅಮೆರಿಕದ ಕಂಪನಿಗಳು ಸಂಗೀತೋದ್ಯಮದ ಪರವಾಗಿ ಬಳಕೆದಾರರು ತಮ್ಮ ಗಣಕಗಳಿಂದಲೇ ನೇರವಾಗಿ ಹಾಡು ಹಂಚಿಕೊಳ್ಳುತ್ತಿದ್ದ ಕಜಾ ಜಾಲದಲ್ಲಿ ಹೆಸರು, ಗಾತ್ರಗಳೆಲ್ಲ ಅಸಲಿಯಂತೆಯೇ ಇದ್ದು, ಒಳಗೆ ಕರ್ಕಶ ಸದ್ದನ್ನೋ ಮರುಕಳಿಸುವ ಒಂದೇ ತುಣುಕನ್ನೋ ತುಂಬಿದ ಕಡತಗಳನ್ನು ಬಿಡುತ್ತಿದ್ದವು. ಕಜಾ ಇದಕ್ಕೆ ಹೇಳಿ ಮಾಡಿಸಿದ ಜಾಗವಾಗಿತ್ತು. ಕಡತ ಅಸಲಿಯೇ ಎಂದು ತಾಳೆ ನೋಡಲು ಅದು ಬಳಸುತ್ತಿದ್ದ ಗುರುತುಸಂಖ್ಯೆ ಇಡೀ ಕಡತವನ್ನು ಪರಿಶೀಲಿಸದೆ ಮೊದಲ 300 ಕಿಲೋಬೈಟ್ ಮತ್ತು ಮುಂದಿನ ಕೆಲವು ಆಯ್ದ ಭಾಗಗಳನ್ನಷ್ಟೇ ನೋಡುತ್ತಿದ್ದುದರಿಂದ, ಮೇಲೆ ಒಳ್ಳೆಯ ಕಾಳುಮೆಣಸು ಹರಡಿ ಅಡಿಗೆ ಪಪ್ಪಾಯಿ ಬೀಜ ತುಂಬಿದ ಚೀಲದಂತೆ, ನಡುವಿನ ಭಾಗ ಕೆಡಿಸಿದ ಕಡತವೂ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಜಾದಲ್ಲಿದ್ದ ಹಲವು ಜನಪ್ರಿಯ ಹಾಡುಗಳ ಪ್ರತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಟ್ಟವೆಂದು ಕಂಡುಬಂದಿತ್ತು. ಕಡತವನ್ನು ತುಣುಕು ತುಣುಕಾಗಿ ಹಲವರಿಂದ ತರಿಸಿಕೊಳ್ಳುವ ಬಿಟ್‌ಟೊರೆಂಟ್ ಬಂದ ಮೇಲೆ ಆಟ ಬದಲಾಯಿತು. ಅದು ಪ್ರತಿಯೊಂದು ತುಣುಕನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ, ಹೊಂದದ ತುಣುಕನ್ನು ಎಸೆದುಬಿಡುತ್ತದೆ. ಓವರ್‌ಪಿಯರ್ 2005ರ ಕೊನೆಗೆ ಬಾಗಿಲು ಹಾಕಿತು; ಮೀಡಿಯಾಡಿಫೆಂಡರ್‌ನ ಒಳಗಿನ ಇ-ಮೇಲ್‌ಗಳು 2007ರಲ್ಲಿ ಬಯಲಾದವು. 2003ರಲ್ಲಿ ಹುಸಿ ಕಡತದಲ್ಲಿ ತಮ್ಮದೇ ದನಿಯಲ್ಲಿ ಬೈದಿದ್ದ ಗಾಯಕಿ ಮಡೋನಾ ಅವರ ಜಾಲತಾಣಕ್ಕೇ ಯಾರೋ ಕನ್ನ ಹಾಕಿದ್ದರು. ಬೈಸಿಕೊಂಡವರು ಸುಮ್ಮನಿರುತ್ತಾರೆಯೇ!

ನಮ್ಮಲ್ಲಿ ತೊಡಕು ಬೇರೆಯೇ. ಹುಸಿ ಕಡತ ಫಲಿಸುವುದು ಅಪರಿಚಿತರಿಂದ ಹಾಡು ಪಡೆಯುವ ಕಡೆ. ಕೊಡಗಿನಲ್ಲಿ ಕೊಡವ ಹಾಡು ಮದುವೆ ಮನೆಯ ಪೆನ್‌ಡ್ರೈವ್‌ನಿಂದಲೋ ಒಕ್ಕದ (ಮನೆತನದ) ವಾಟ್ಸ್‌ಆ್ಯಪ್ ಗುಂಪಿನಿಂದಲೋ ಬರುತ್ತದೆ, ಅದೂ ಕಳಿಸಿದವರು ಆಗಲೇ ಕೇಳಿ ಮೆಚ್ಚಿದ ಮೇಲೆ. ಆ ಸರಪಳಿಯೊಳಗೆ ಹುಸಿ ಕಡತ ನುಗ್ಗುವ ಸಂದೇ ಇಲ್ಲ. ಅದು ಸಿಗುವುದು ಬೆಂಗಳೂರಿನಲ್ಲೋ ದುಬೈಯಲ್ಲೋ ಕುಳಿತು ಊರಿನ ಹಾಡನ್ನು ಹುಡುಕುವವರಿಗೆ, ಅಂದರೆ ಹಣ ಕೊಡಲೂ ಸಿದ್ಧರಿರಬಹುದಾದ ಕೇಳುಗರಿಗೇ. ದೊಡ್ಡ ಭಾಷೆಯ ಹಾಡಾದರೆ ಅವರು ಮತ್ತೊಂದು ಪ್ರತಿ ಹುಡುಕಿಯಾರು. ನಮ್ಮದನ್ನು ಅಲ್ಲಿಗೇ ಕೈಬಿಡುವ ಸಂಭವವೇ ಹೆಚ್ಚು.

ಆದ್ದರಿಂದ ಬಿಡುಗಡೆಯ ದಿನವೇ ಪೂರ್ತಿ ಹಾಡನ್ನು, ಬರೆದವರ, ಹಾಡಿದವರ, ದುಡಿ ಬಾರಿಸಿದವರ ಹೆಸರುಗಳ ಸಮೇತ, ಯೂಟ್ಯೂಬ್‌ಗೆ ತಾವೇ ಹಾಕಿ, ವಿತರಕರೊಬ್ಬರ ಮೂಲಕ ಯೂಟ್ಯೂಬ್‌ನ ಹಾಡು ಗುರುತಿಸುವ ವ್ಯವಸ್ಥೆಯಾದ ಕಂಟೆಂಟ್ ಐಡಿಗೆ ಸೇರಿಸಿ ಎಂದು ಗೆಳೆಯರಿಗೆ ಹೇಳಿದೆ. ಬೇರೆಯವರು ಅದೇ ಧ್ವನಿಮುದ್ರಣವನ್ನು ಅಲ್ಲಿ ಏರಿಸಿದರೆ ಆ ವ್ಯವಸ್ಥೆ ಸಾಮಾನ್ಯವಾಗಿ ಗುರುತಿಸುತ್ತದೆ, ಆಗ ಜಾಹೀರಾತಿನ ಆದಾಯವನ್ನು ಹಕ್ಕುದಾರರು ಕೇಳಿ ಪಡೆಯಬಹುದು. ವಿತರಕರ ಪಾಲು ಎಷ್ಟೆಂಬುದನ್ನು ಮಾತ್ರ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಬೇಕು.